ಅಂಬಿಗನ ಸಾವಿಗೆ ಕೈ ಎತ್ತಿದವರು

ಸತ್ತವರ ಮನಸ್ಸನ್ನು ಧಾರಾವಾಹಿಗಳ ಪಾತ್ರಕ್ಕೆ ಕೊಡುವುದು ಆಗ ಮಾಮೂಲಾಗಿತ್ತು. ನೀಲಾಂಬಿಕೆಯ ಗಂಡ ಚನ್ನವೀರನೂ ತೀರಿಕೊಂಡ ಮೇಲೆ ‘ಉಪ್ಪಿನ ಕೋಟೆ’ ಧಾರಾವಾಹಿಯ ಅಂಬಿಗನಾಗಿ ಬದುಕಿದ್ದ. ಕಥೆಯಲ್ಲಿ ಪಾತ್ರ ಸತ್ತರೆ ಆ ಮನಸ್ಸೂ ಅಳಿಸಿಹೋಗುತ್ತಿತ್ತು.

ಕಥೆಯ ತಿರುವುಗಳನ್ನು ಕೈ ಎತ್ತಿ ತೀರ್ಮಾನಿಸುವ ಹುಬ್ಬಳ್ಳಿಯ ಪ್ರೇಕ್ಷಕರ ಸಭೆಯಲ್ಲಿ ಆ ಭಾನುವಾರ ಅಂಬಿಗ ಸಾಯಬೇಕೇ ಬೇಡವೇ ಎಂಬುದೇ ಚರ್ಚೆ.

“ಅಂವ ಸತ್ರನ ಕತಿಗೆ ತೂಕ ಬರ್ತದ. ಉಳಿಸಿದ್ರ ಇದೂ ಅತ್ತಿ-ಸೊಸಿ ಧಾರಾವಾಹಿ ಆಗ್ತದ,” ಎಂದರು ನಿವೃತ್ತ ಉಪನ್ಯಾಸಕ ಹಂಪಿಹೊಳಿ. ಚಪ್ಪಾಳೆ ಬಿತ್ತು.

ನೀಲಾಂಬಿಕೆ ಎದ್ದು ನಿಂತಳು. ಕಲೆಯ ಮಾತು ಅವಳಿಗೆ ಬರುತ್ತಿರಲಿಲ್ಲ.

“ಅವ್ರು ನನ್ನ ಗಂಡರಿ. ಆಸ್ಪತ್ರ್ಯಾಗ ನನ್ನ ಒಳಗ ಬಿಡಲಿಲ್ಲ. ‘ನಾ ಇಲ್ಲೇ ಅದೀನಿ, ಅಂಜಬ್ಯಾಡ್ರಿ’ ಅಂತ ಹೇಳಾಕೂ ಆಗ್ಲಿಲ್ಲ. ಇನ್ನೊಂದಿಷ್ಟು ದಿನ ಇರಲಿ ಬಿಡ್ರಿ.”

ಕೆಲವರು ಕಣ್ಣೊರೆಸಿಕೊಂಡರು. ಆದರೂ ಹೆಚ್ಚಿನ ಕೈಗಳು ಸಾವಿನ ಪರವಾಗಿಯೇ ಎದ್ದವು.

ಜನ ಚದುರಿದ ಮೇಲೆ ಧಾರಾವಾಹಿಯ ನಿರ್ದೇಶಕಿ ನೀಲಾಂಬಿಕೆಯ ಪಕ್ಕ ಬಂದು ಕುಳಿತಳು. “ಅಕ್ಕಾರ, ನಿಮ್ಮ ‘ನಾ ಇಲ್ಲೇ ಅದೀನಿ’ ಅನ್ನೋ ಮಾತನ್ನ ಅಂಬಿಗನ ಹೆಂಡ್ತಿ ಬಾಯಾಗ ಹಾಕ್ಲೇನ್ರಿ? ಸಾವಿನ ದೃಶ್ಯಕ್ಕ ಅಂಥಾದ್ದನ್ನ ಹುಡುಕಾಕತ್ತಿದ್ದೆ.”

ಅವಳ ಕೆನ್ನೆಗೆ ಹೊಡೆಯಬೇಕೆನಿಸಿತು ನೀಲಾಂಬಿಕೆಗೆ. ಆದರೆ ಕೈ ಏಳಲಿಲ್ಲ.

“ನಮ್ಮವ್ರಿಗೆ ಅದು ಕೇಳಸ್ತೈತೇನ್ರಿ?”

“ಕೇಳಸ್ತೈತ್ರಿ.”

“ಹಂಗಾದ್ರ ಬ್ಯಾರೇರ ದನಿ ಬ್ಯಾಡ. ನಾನ ಬಂದು ಹೇಳ್ತೀನಿ.”