ಅತಿಥಿಗೆ ಕೊಟ್ಟ ನೀರು

ಊರಿನ ಶುದ್ಧ ನೀರಿನ ಘಟಕ ಕೆಟ್ಟು ಎಂಟು ತಿಂಗಳಾಗಿತ್ತು. ಅದನ್ನು ಕಟ್ಟಿಸಿಕೊಟ್ಟ ವಿದೇಶಿ ಸಂಸ್ಥೆಗೆ ಮಾತ್ರ ಯೋಜನಾಧಿಕಾರಿ ವೀರೇಶ ಪ್ರತಿ ತಿಂಗಳೂ ‘ಚೆನ್ನಾಗಿ ನಡೆಯುತ್ತಿದೆ’ ಎಂದೇ ಬರೆದು ಕಳಿಸಿದ್ದ. ಇವತ್ತು ಆ ಸಂಸ್ಥೆಯ ಮೇಡಂ ತಾನೇ ನೋಡಲು ಬಂದಿದ್ದಳು. ದುಭಾಷಿಯೂ ವೀರೇಶನೇ.

ಮೊದಲು ಹೊಕ್ಕ ಮನೆಯಲ್ಲಿ ಮುದುಕಿ ದ್ಯಾವಮ್ಮ ಬೆಲ್ಲದ ಜೊತೆ ತಂಬಿಗೆ ನೀರು ತಂದಿಟ್ಟಳು. ಊರಿನ ಉಪ್ಪುಪ್ಪು ಸವಳು ನೀರೇ ಇರಬೇಕೆಂದು ವೀರೇಶ ತಂಬಿಗೆಗೆ ಕೈ ಚಾಚುವಷ್ಟರಲ್ಲಿ ಮೇಡಂ ಬೆಲ್ಲ ಮುಟ್ಟದೆ ನೀರನ್ನಷ್ಟೇ ಗಟಗಟನೆ ಕುಡಿದು, ಪುಸ್ತಕದಲ್ಲಿ ಏನೋ ಬರೆದುಕೊಂಡಳು.

“ಎಲ್ಲೀ ನೀರವ್ವ ಇದು?” ವೀರೇಶ ಮೆಲ್ಲಗೆ ಕೇಳಿದ.

“ಪಕ್ಕದೂರ ಬಾವೀದು. ನಸುಕಿನ್ಯಾಗ ಹೋಗಿ ಹೊತ್ತು ತಂದೀನಿ. ಮನಿಗೆ ಬಂದೋರಿಗೆ ನಮ್ಮ ಸವಳು ನೀರು ಕೊಡಾಕ ಆಗತೈತೇನಪ್ಪಾ?”

ಮೇಡಂ ಪುಸ್ತಕ ಮುಚ್ಚಿ ಇಂಗ್ಲಿಷಿನಲ್ಲಿ ಹೇಳಿದಳು: “ಇಷ್ಟು ಸಿಹಿ ನೀರು ಬರುತ್ತಿರುವಾಗ ಘಟಕ ನೋಡುವುದೇನಿದೆ? ಕೆಟ್ಟಿದ್ದರೆ ಹೊಸದು ಹಾಕಿಸೋಣವೆಂದು ಬಂದಿದ್ದೆ. ಆ ಹೊಸ ಘಟಕವನ್ನು ಬೇರೆ ಊರಿಗೆ ಕೊಡುತ್ತೇವೆ. ಅಜ್ಜಿಗೂ ತಿಳಿಸಿ.”

“ಏನಂತಾಳಪ್ಪ ಆಕಿ?” ದ್ಯಾವಮ್ಮ ಕೇಳಿದಳು.

ವೀರೇಶ ಖಾಲಿ ತಂಬಿಗೆ ನೋಡುತ್ತ ಹೇಳಿದ: “ನಿಮ್ಮೂರ ನೀರು ಭಾಳ ಸಿಹಿ ಐತಂತ, ಅವ್ವ.”