ಹಸಿರು ತೇಪೆ

“ಒಬ್ಬರ ಮಾರೀನೂ ಕಾಣವಲ್ದಲ್ಲ, ಇವೆಂಥಾ ಫೋಟೋ?” ಎಂದು ದ್ಯಾಮವ್ವ ಕ್ಯಾಮೆರಾದ ಪುಟ್ಟ ಪರದೆಗೆ ಕಣ್ಣಿಟ್ಟು ತನ್ನಷ್ಟಕ್ಕೇ ಕೇಳಿಕೊಂಡಳು. ಗಲಭೆಯ ದಿನ ಪೇಟೆಗೆ ಹೋದ ಮಗ ಇನ್ನೂ ಮನೆಗೆ ಬಂದಿರಲಿಲ್ಲ; ಅಂದಿನ ಚಿತ್ರಗಳಲ್ಲಿ ಅವನನ್ನು ಹುಡುಕುತ್ತಿದ್ದಳು.

“ಗಲಾಟ್ಯಾಗ ನಾ ಯಾರ ಮಾರೀನೂ ತಗ್ಯಂಗಿಲ್ಲವ್ವ. ಫೋಟೋ ನೋಡಿ ನಾಳೆ ಯಾರರ ಅವರನ್ನ ಹುಡುಕ್ಕೊಂತ ಹೋದ್ರ?” ಎಂದ ಪತ್ರಿಕೆಯ ಫೋಟೋಗ್ರಾಫರ್.

ದೇವರಂಥ ಮನುಷ್ಯ ಎನಿಸಿತು ಅವಳಿಗೆ. ಮುಂದಿನ ಚಿತ್ರದಲ್ಲಿ ಪೊಲೀಸರು ಒಬ್ಬ ಹುಡುಗನನ್ನು ವ್ಯಾನಿಗೆ ನೂಕುತ್ತಿದ್ದರು. ಅಂಗಿಯ ಬೆನ್ನಿನ ಮೇಲೆ ಹಸಿರು ತೇಪೆಯಿತ್ತು.

“ಇಂವಾ ನನ್ನ ಮಗ! ತ್ಯಾಪಿ ನಾನ ಹಚ್ಚೀನಿ. ‘ನಾವು ಅವನ್ನ ಹಿಡದ ಇಲ್ಲ’ ಅಂತಾರ ಸ್ಟೇಷನ್ನಾಗ!”

“ಬರೇ ಬೆನ್ನು ತೋರಿಸಿದ್ರ ಅವರು ಒಪ್ಪಂಗಿಲ್ಲವ್ವ.”

“ನೀ ಅವನ ಮಾರಿ ನೋಡೀಯಿಲ್ಲ?”

“ನೋಡೀನಿ. ಹಿಂದ ತಿರುಗಿ, ನಮ್ಮವ್ವಗ ಹೇಳ್ರಿ ಅಂದ. ಆವಾಗ ಕ್ಯಾಮೆರಾ ಇಳಿಸಿದೆ.”

ದ್ಯಾಮವ್ವ ಅವನ ಎರಡೂ ಕೈ ಹಿಡಿದುಕೊಂಡಳು. “ನಿನ್ನ ಹೊಟ್ಟಿ ತಣ್ಣಗಿರಲಿ ನನ್ನಪ್ಪಾ. ಕೋರ್ಟಿಗೆ ಬಂದು ಇಷ್ಟ ಹೇಳಿಬಿಡು.”

ಅವನು ಮೆಲ್ಲಗೆ ಕೈ ಬಿಡಿಸಿಕೊಂಡು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದ.

“ಆಮ್ಯಾಲ ಪೊಲೀಸರು ನನ್ನ ಮಾರಿ ನೆಪ್ಪಿಟ್ಟಕೊಂತಾರವ್ವ. ನಾ ಬರಂಗಿಲ್ಲ.”