ಎಡಿವಾಳ ಪಾದ

ಕ್ರಿ.ಶ. 962, ಅಕ್ಟೋಬರ್ 14, ಬೆಳಿಗ್ಗೆ ಒಂಬತ್ತು ಗಂಟೆ. ಇಗರ್ಜಿಯೊಳಗೆ ಕಬ್ಬಿಣದ ತುಂಡು ಕೆಂಡದಲ್ಲಿ ಕೆಂಪಾಗುತ್ತಿತ್ತು. ಅದನ್ನು ಹಿಡಿದು ವಿಧವೆ ಎಡಿವಾ ಒಂಬತ್ತು ಪಾದ ದೂರ ನಡೆಯಬೇಕು. ಮೂರನೇ ದಿನಕ್ಕೆ ಅಂಗೈಯಲ್ಲಿ ಕೀವಾಗಿದ್ದರೆ ಹಸು ಕದ್ದವಳು ಅವಳೇ. ನೂರು ಹಿಡುವಳಿಗಳ ಆ ಪುಟ್ಟ ಸೀಮೆಯ ಯಜಮಾನ ವುಲ್ಫ್‌ಹೆರ್ ತನ್ನ ಬೂಟುಗಾಲಿನಿಂದಲೇ ನೆಲ ಅಳೆದು ಗೆರೆ ಎಳೆದ.

"ಕಟ್ಟಳೆ ಪ್ರಕಾರ ಅವಳ ಪಾದದಲ್ಲಿ ಅಳೀಬೇಕು ಯಜಮಾನ್ರೇ," ಎಂದ ಓಸ್‌ಗಾರ್. ಹಸು ಅವನದು, ದೂರೂ ಅವನದೇ.

"ನೀನು ಯಾರ ಕಡೆಯೋ, ಮಾರಾಯ?"

"ಕದ್ಲೋ ಇಲ್ವೋ ಅಂತ ದೇವರು ಹೇಳ್ಲಿ. ನಿಮ್ಮ ಬೂಟು ಹೇಳೋದು ಬೇಡ."

ಪರೀಕ್ಷೆಗೆಂದು ತೊಳೆದ ಕೈಯಿಂದ ಎಡಿವಾ ಏನನ್ನೂ ಮುಟ್ಟುವಂತಿರಲಿಲ್ಲ. ಓಸ್‌ಗಾರನೇ ಮಂಡಿಯೂರಿ ಅವಳ ಜೋಡಿನ ದಾರ ಬಿಚ್ಚಿದ. ಅವಳು ಹಿಮ್ಮಡಿಗೆ ಬೆರಳು ತಾಗಿಸುತ್ತ ಒಂಬತ್ತು ಪಾದ ಇಟ್ಟಳು. ಹೊಸ ಗೆರೆ ಬಿತ್ತು: ವುಲ್ಫ್‌ಹೆರ್‌ನ ಬೂಟಿನ ಲೆಕ್ಕದಲ್ಲಿ ಏಳು ಪಾದ.